ಖಾಡಿಯ ಹದಿನಾಲ್ಕು ಗೂಟಗಳು

ರಾಜ್ಯಗಳ ಪುನರ್ವಿಂಗಡಣೆಗೆ ಎರಡು ವರ್ಷ ಮೊದಲು ನಾನು ಮುಂಬಯಿಯ ಭೂಮಾಪನ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದೆ. ಹಳೆಯ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ತಿದ್ದುವುದು ಟ್ರೇಸರನ ಕೆಲಸ. ಇದ್ದದ್ದನ್ನು ಬಿಡುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ನಾನು ಧಾರವಾಡದ ಕಡೆಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಇಂಗ್ಲಿಷನ್ನು ಫುಟ್‌ಪಾತಿನ ಹಳೆಯ ಪುಸ್ತಕಗಳಿಂದ ಕಲಿತವನು.

ಆ ವರ್ಷ ಧಾರಾವಿಯ ಅಂಚಿನ ಖಾಡಿಯ ಒಂದು ಭಾಗಕ್ಕೆ ಮಣ್ಣು ತುಂಬುವ ಯೋಜನೆ ಬಂತು. ಖಾಡಿಯೆಂದರೆ ಸಮುದ್ರದ ನೀರು ದಿನಕ್ಕೆರಡು ಸಲ ಏರಿ ಇಳಿಯುವ ಕೆಸರುಬಯಲು. ಅದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ನಕ್ಷೆಯೊಂದರ ಪ್ರತಿ ತೆಗೆಯಲು ನನಗೆ ಹೇಳಿದರು. ಅಂದಿನ ಆಂಗ್ಲ ಮಾಪಕ ಅಲ್ಲಿ ಬರೆದಿದ್ದುದು ಇಷ್ಟೇ: ಪಾಳು ಜೌಗು, ಜ್ವರದ ನೆಲ.

ಆ ಮಾತನ್ನು ನಾನು ನಂಬಲಿಲ್ಲ. ತನ್ನ ದೇಶದಲ್ಲಿ ಬೇಲಿ ಹಾಕಿದ ಹುಲ್ಲುಗಾವಲುಗಳ ನಡುವೆ ಬೆಳೆದ ಆ ಮಾಪಕನಿಗೆ ನೆಲವೆಂದರೆ ಒಣನೆಲ. ಅತ್ತ ನೀರೂ ಅಲ್ಲದ, ಇತ್ತ ಮಣ್ಣೂ ಅಲ್ಲದ ಉಪ್ಪುಕೆಸರಿಗೆ ಅವನ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ. ಕೊಳೆತ ಗಾಳಿಯಿಂದ ಜ್ವರ ಹುಟ್ಟುತ್ತದೆಂದು ಅಂದಿನ ವೈದ್ಯರೂ ಹೇಳುತ್ತಿದ್ದರು. ಜ್ವರ ತರುವುದು ಸೊಳ್ಳೆಯೆಂದು ಆಮೇಲೆ ಗೊತ್ತಾಯಿತು. ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಂಡಿತು, ನಕ್ಷೆ ತಿದ್ದಿಕೊಳ್ಳಲಿಲ್ಲ.

ನಾನಿದ್ದ ಬಾಡಿಗೆ ಚಾಳು ಖಾಡಿಗೆ ಹತ್ತಿರದ ಸಯನ್‌ನಲ್ಲಿತ್ತು. ಒಂದು ಭಾನುವಾರ ಖಾಡಿಗೆ ನಡೆದುಹೋದೆ. ಇಳಿತದ ಹೊತ್ತು. ಮೊಣಕಾಲುದ್ದ ಕೆಸರಿನಲ್ಲಿ ಜನಾಬಾಯಿ ಎಂಬ, ಕೋಳಿ ಎನ್ನುವ ಮೀನುಗಾರ ಸಮುದಾಯದ ವಿಧವೆ, ಬಲೆ ಕಟ್ಟುವ ಗೂಟಗಳನ್ನು ಬಿಗಿ ಮಾಡುತ್ತಿದ್ದರು. ಹದಿನಾಲ್ಕು ಗೂಟ. ಅಷ್ಟು ಜಾಗ ಅವರದು, ಆಚೆಯದು ಮೈದುನನದು. ಅತ್ತೆಯ ಅತ್ತೆಯ ಕಾಲದಿಂದ ಮನೆಯ ಊಟ ಅಲ್ಲಿಂದಲೇ. ನಕ್ಷೆಯಲ್ಲಿ ಏನಿದೆಯೆಂದು ಮರಾಠಿಯಲ್ಲಿ ಹೇಳಿದೆ. ಅವರು ನಕ್ಕುಬಿಟ್ಟರು.

“ಆ ಸಾಹೇಬ ಮೂಗು ಮುಚ್ಚಿಕೊಂಡು ಬಂದಿರಬೇಕು, ಭಾವೂ. ಮುಚ್ಚುವಾಗ ಕಣ್ಣನ್ನೂ ಸೇರಿಸಿ ಮುಚ್ಚಿದ.” ಆಮೇಲೆ ನಗು ನಿಲ್ಲಿಸಿ ಕೇಳಿದರು: “ನೀವಾದರೂ ಈ ಗೂಟಗಳನ್ನು ಬರೆಯುತ್ತೀರಲ್ಲ?”

“ಬರೆಯುತ್ತೇನೆ” ಎಂದೆ. ಗೂಟಗಳನ್ನು ಎಣಿಸಿ, ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆದುಕೊಂಡೆ.

ಹೊಸ ನಕ್ಷೆಯಲ್ಲೂ ಆ ಜಾಗ ಯಾರದೂ ಅಲ್ಲದ ಪಾಳೆಂದು ಉಳಿದರೆ ಅವರಿಗೆ ಪರಿಹಾರವೂ ಇಲ್ಲ, ಬದಲಿ ಜಾಗವೂ ಇಲ್ಲ. ಸೋಮವಾರ ಹದಿನಾಲ್ಕು ಗೂಟಗಳನ್ನೂ ಅಳತೆಗೆ ಸರಿಯಾಗಿ ಚುಕ್ಕೆಯಿಟ್ಟು ತೋರಿಸಿದೆ. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ದೇಶಪಾಂಡೆ ಬೆಳಗಾವಿಯವರು, ಕಣ್ಣು ಚುರುಕು.

“ಏನ್ರೀ ಪಂಡಿತರ, ಟ್ರೇಸ್ ಮಾಡ್ರಿ ಅಂದ್ರ ರಂಗೋಲಿ ಹಾಕೀರಿ?”

“ಗೂಟ ಅಲ್ಲಿ ಅದಾವ್ರಿ, ಸಾಹೇಬ್ರ. ನಾ ಎಣಿಸೇನಿ.”

“ಹಳೇ ನಕ್ಷಾದಾಗ ಅದಾವೇನು? ನಕ್ಷಾದಾಗ ಇಲ್ಲದ್ದು ಖಾಡ್ಯಾಗ ಇದ್ರ ಅದು ಖಾಡೀ ತಪ್ಪು. ಕೆರೀರಿ. ಇಲ್ಲಾಂದ್ರ ನಾಳೆ ಈ ಕುರ್ಚೀ ಮ್ಯಾಲ ಬ್ಯಾರೆಯವರು ಕೂಡತಾರ.”

ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. ಮಸಿ ಕೆರೆಯುವ ಬ್ಲೇಡು ನನ್ನ ಕೈಯಲ್ಲೇ ಇತ್ತು. ಒಂದೊಂದೇ ಚುಕ್ಕೆಯನ್ನು ಕೆರೆದೆ. ಕೆರೆದ ಮೇಲೆ ‘ಪಾಳು ಜೌಗು’ ಎಂದು ನನ್ನದೇ ದುಂಡಕ್ಷರದ ಇಂಗ್ಲಿಷಿನಲ್ಲಿ ಬರೆದೆ. ಜಾಗ ಬಿಡಬೇಕೆಂಬ ನೋಟೀಸು ಹಿಡಿದು ಜನಾಬಾಯಿ ಕಚೇರಿಗೆ ಬಂದ ದಿನ, ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಮಣ್ಣಿನ ಲಾರಿಗಳು ಬಂದವು. ಜನಾಬಾಯಿಯವರ ಮುಖವನ್ನು ಮತ್ತೆ ನೋಡಲಿಲ್ಲ.

ನಿವೃತ್ತನಾದ ಮೇಲೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಪ್ರಾಧ್ಯಾಪಕರು ನನ್ನ ನಕ್ಷೆಯನ್ನೇ ಗೋಡೆಯ ಮೇಲೆ ತೋರಿಸಿ, ಆ ಖಾಡಿಯಲ್ಲಿ ಯಾರೂ ದುಡಿಯುತ್ತಿರಲಿಲ್ಲವೆಂದು ವಿವರಿಸಿದರು. ಎದ್ದು ನಿಂತು, ಅದು ಸುಳ್ಳು ಎಂದೆ.

“ದಾಖಲೆ ಇದೆಯೇ, ಹಿರಿಯರೇ?” ಎಂದು ವಿನಯದಿಂದಲೇ ಕೇಳಿದರು.

ಕುಳಿತುಕೊಂಡೆ. ಆ ಆಂಗ್ಲ ಮಾಪಕನನ್ನಾದರೂ ಕ್ಷಮಿಸಬಹುದು, ಅವನು ಹುಟ್ಟಿದ ನೆಲ ಕಲಿಸಿದಷ್ಟನ್ನೇ ಕಂಡ. ನಾನು ಗೂಟಗಳನ್ನು ಎಣಿಸಿ ಬಂದವನು. ನಕ್ಷೆಯಲ್ಲಿ ಖಾಲಿ ಜಾಗ ಕಂಡರೆ ಅಲ್ಲಿ ಯಾರ ಬ್ಲೇಡು ಓಡಿದೆಯೆಂದು ಮೊದಲು ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇದನ್ನೇ. ಟ್ರೇಸಿಂಗ್ ಬಟ್ಟೆಯನ್ನು ಕೆರೆದರೆ ಮಸಿ ಹೋಗುತ್ತದೆ, ನುಣುಪು ಮರಳಿ ಬರುವುದಿಲ್ಲ. ನಾನು ಕೆರೆದ ಆ ಬಟ್ಟೆ ಇನ್ನೂ ಉಳಿದಿದ್ದರೆ, ಪ್ರಾಧ್ಯಾಪಕರು ಅದನ್ನು ಬೆಳಕಿಗೆ ಹಿಡಿದು ನೋಡಲಿ. ಹದಿನಾಲ್ಕು ಕಡೆ ಒರಟಾಗಿರುತ್ತದೆ.