ದೊಡ್ಡಮ್ಮನ ಕೈಗುಣ

ಔಷಧಿ ಅಂಗಡಿಯ ಮೇಲಿನ ಮಹಡಿಯ ಶಿಶುಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮಕ್ಕಳು ಕರೆದರು, ಮಕ್ಕಳ ತಾಯಂದಿರು ಕರೆದರು, ಕೆಳಗಿನ ಅಂಗಡಿಯವನು ಕರೆದ. ಕೊನೆಗೆ ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಹಿರಿಯಳಾದ ಶಿಶುಮನೆಯ ಒಡತಿಯೂ ನಾಚಿಕೆಯಿಲ್ಲದೆ ಹಾಗೇ ಕರೆದಳು. ಬೆಳಗ್ಗೆ ಕೆಲಸಕ್ಕೆ ಓಡುವ ತಾಯಂದಿರು ಮಗುವನ್ನು ಅವಳ ತೋಳಿಗೆ ತುರುಕಿ, ಹಾಲಿನ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಳು ಕಿವಿಗೆ ಬೀಳುವ ಮೊದಲೇ ಮೆಟ್ಟಿಲಿಳಿದುಬಿಡುತ್ತಿದ್ದರು. ಅವರದ್ದೇನೂ ತಪ್ಪಲ್ಲ. ಬಿಟ್ಟು ಹೋಗುವವರ ಸಂಕಟ ಒಂದು, ಹಿಡಿದು ಕೂರುವವರ ಸಂಕಟ ಇನ್ನೊಂದು. ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಷ್ಟೆ.

ಅವಳು ಹೆಸರು ಮಾಡಿದ್ದು ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ. ಪರದೆ ಎಳೆದು, ನೀಲಿ ಚಾಪೆಗಳನ್ನು ಸಾಲಾಗಿ ಹಾಸಿ, ಇಬ್ಬರು ಹಟಮಾರಿಗಳ ನಡುವೆ ಕೂತು ಎಡಗೈಯಲ್ಲೊಬ್ಬರನ್ನು ಬಲಗೈಯಲ್ಲೊಬ್ಬರನ್ನು ತಟ್ಟಲು ಶುರುಮಾಡಿದಳೆಂದರೆ ಮುಗಿಯಿತು. ಮನೆಯಲ್ಲಿ ಅಪ್ಪ ಅಮ್ಮ ಅಜ್ಜಿ ಸೇರಿ ಹರಸಾಹಸ ಮಾಡಿದರೂ ಮಲಗದ ಪುಂಡರು ಇಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದರು. ದೊಡ್ಡಮ್ಮನ ಕೈಗುಣ ಎಂದು ಒಡತಿ ಹೊಸದಾಗಿ ಬಂದವರಿಗೆಲ್ಲ ಹೇಳಿ ಹೇಳಿ ಅವಳನ್ನು ಅಟ್ಟಕ್ಕೇರಿಸುತ್ತಿದ್ದಳು. ಸಂಬಳವನ್ನು ಮಾತ್ರ ಏರಿಸಲಿಲ್ಲ.

ಅವಳ ಸ್ವಂತ ಮಗಳೂ ಅದೇ ಚಾಪೆಗಳ ಮೇಲೆ ಬೆಳೆದವಳು. ಮಗುವನ್ನು ಕರೆತರಬಹುದು, ಆದರೆ ಬೇರೆ ಮಕ್ಕಳ ಎದುರಿಗೆ ಮುದ್ದು ಮಾಡಕೂಡದು ಎಂಬುದು ಒಡತಿಯ ಷರತ್ತು. ಹಾಗಾಗಿ ಮಗಳು ಕೂಡ ಸರದಿ ಬರುವ ತನಕ ಅಮ್ಮನ ತೊಡೆಗೆ ಕಾಯಬೇಕಿತ್ತು, ಅಲ್ಲಿರುವಷ್ಟು ಹೊತ್ತೂ ದೊಡ್ಡಮ್ಮ ಎಂದೇ ಕರೆಯಬೇಕಿತ್ತು. ಚೂಟಿ ಹುಡುಗಿ, ಒಂದು ದಿನ ಮನೆಗೆ ಬಂದ ಮೇಲೂ ಹಾಗೇ ಕರೆದುಬಿಟ್ಟಳು. ಬೀಗ ರಿಪೇರಿ ಮಾಡುವ ಅಪ್ಪ, ಹಾಗಾದರೆ ನಾನೇನು ದೊಡ್ಡಪ್ಪನಾ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡಮ್ಮನೂ ನಕ್ಕಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಅದು ಯಾವಾಗ ನಿಂತಿತು ಎಂದು ಹೇಳುವಂತಿಲ್ಲ. ಮಗಳು ಓದಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಹೋಗುವ ಹೊತ್ತಿಗೆ ದೊಡ್ಡಮ್ಮ ಹೇಗೆ ಹೇಗೋ ಆಗಿದ್ದಳು. ಮೊದಲು ಮಕ್ಕಳ ಹೆಸರುಗಳು ಬಿಟ್ಟುಹೋದವು. ಎಲ್ಲರೂ ಪುಟ್ಟ ಆದರು. ಆಮೇಲೆ ಮನೆಗೆ ಬಂದರೆ ಚಪ್ಪಲಿ ಕಳಚಲೂ ತೋಚದೆ ಮಂಚದ ಅಂಚಿನಲ್ಲಿ ಕೂತುಬಿಡುವುದು ಶುರುವಾಯಿತು. ಸಾರಿಗೆ ಯಾವ ತರಕಾರಿ ಹಾಕಲಿ ಎಂದು ಗಂಡ ಕೇಳಿದರೆ, ಅವನು ಯಾವುದೋ ದೊಡ್ಡ ಲೆಕ್ಕ ಕೇಳಿದ ಹಾಗೆ ಮುಖ ನೋಡುತ್ತಿದ್ದಳು. ರಜೆಯ ದಿನವೆಲ್ಲ ಮಲಗಿ, ಮಲಗಿದ್ದಕ್ಕೇ ಸುಸ್ತಾದವಳಂತೆ ಏಳುತ್ತಿದ್ದಳು. ಡಾಕ್ಟರು ಟಾನಿಕ್ ಬರೆದುಕೊಟ್ಟು ವಿಶ್ರಾಂತಿ ತಗೊಳ್ಳಿ ಅಂದರು. ಹೇಳುವುದಕ್ಕೇನು, ಹೇಳಿದರು. ಶಿಶುಮನೆಯ ಬಾಗಿಲು ದಾಟಿದೊಡನೆ ಮಾತ್ರ ಮುಖದ ಮೇಲೆ ನಗು ತಾನಾಗಿ ಬಂದು ಕೂರುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಮಧ್ಯಾಹ್ನ, ಹೊಸದಾಗಿ ಸೇರಿದ್ದ ಕೂಸೊಂದು ಅಳತೊಡಗಿತು. ಅವಳು ಕೈಗೆಟುಕುವಷ್ಟು ಹತ್ತಿರದಲ್ಲಿ ಕೂತಿದ್ದಳು. ಮಗು ಅಳುತ್ತಿದೆ ಅಂದುಕೊಂಡಳು, ಹೊರಗೆ ಹನಿ ಬೀಳುತ್ತಿದೆ ಅಂದುಕೊಂಡ ಹಾಗೆ. ಕೈ ಮೇಲೇಳಲಿಲ್ಲ. ಮಗುವಿನ ಮುಖ ಕೆಂಪಾಯಿತು, ಅಳು ಕಟ್ಟಿಕೊಂಡು ಬಿಕ್ಕಳಿಕೆಯಾಯಿತು, ಉಸಿರು ಸಿಕ್ಕಿಹಾಕಿಕೊಳ್ಳತೊಡಗಿತು. ಅವಳು ನೋಡುತ್ತಲೇ ಇದ್ದಳು. ಬಾಟಲಿ ತೊಳೆಯುತ್ತಿದ್ದ ಜೊತೆಗಾತಿ ಒದ್ದೆಗೈಯಲ್ಲೇ ಓಡಿಬಂದು ಮಗುವನ್ನು ಎತ್ತಿಕೊಂಡು, ಕೇಳಿಸಲಿಲ್ಲವಾ ದೊಡ್ಡಮ್ಮ ಎಂದಳು. ಜೊಂಪು ಹತ್ತಿತ್ತು ಎಂದು ಇವಳು ಸುಳ್ಳು ಹೇಳಿದಳು. ಮಗುವಿಗೆ ಏನೂ ಆಗಲಿಲ್ಲ. ಆಗಬಹುದಾಗಿದ್ದದ್ದು ಮಾತ್ರ ಅವಳ ಎದೆಯೊಳಗೆ ಕೂತುಬಿಟ್ಟಿತು. ಮುಂದಿನ ವಾರವೇ ಮಂಡಿನೋವು ಎಂದು ಹೇಳಿ ಕೆಲಸ ಬಿಟ್ಟಳು. ಮಂಡಿಗಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಪಾಪ, ಅವುಗಳ ಮೇಲೆ ಸುಮ್ಮನೆ ಅಪವಾದ ಬಂತು.

ಅದಾದ ಮೇಲೆ ಮೊಮ್ಮಗಳು ಹುಟ್ಟಿದಳು. ಮಗಳ ರಜೆ ಮುಗಿಯುವ ಹೊತ್ತಿಗೆ ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಬೀಗರು, ಅಕ್ಕಪಕ್ಕದವರು ಎಲ್ಲರದ್ದೂ ಒಂದೇ ಮಾತು: ದೊಡ್ಡಮ್ಮ ಮನೆಯಲ್ಲೇ ಇರುವಾಗ ಇವಳಿಗೇನು ಚಿಂತೆ. ಅವಳೂ ತಲೆಯಾಡಿಸಿದ್ದಳು. ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಒಳಗೆ ಏನಾದರೂ ಅಲುಗಾಡೀತೆಂದು ಕಾದಿದ್ದಳು. ಏನೂ ಆಗಲಿಲ್ಲ. ನಗಬೇಕಾದ ಜಾಗದಲ್ಲಿ ನಕ್ಕು, ಮೂಗು ಥೇಟ್ ಅಪ್ಪನದು ಎಂದು ಹೇಳಬೇಕಾದದ್ದನ್ನು ಹೇಳಿ ಮಗುವನ್ನು ವಾಪಸ್ಸು ಕೊಟ್ಟಿದ್ದಳು. ಪ್ರೀತಿ ಬಾರದಿದ್ದರೆ ಹೋಗಲಿ. ಆ ಮಧ್ಯಾಹ್ನ ಮತ್ತೆ ಬಂದು, ಈ ಕೂಸಿನ ಉಸಿರು ಸಿಕ್ಕಿಕೊಂಡಾಗಲೂ ತಾನು ಹಾಗೇ ನೋಡುತ್ತ ಕೂತುಬಿಟ್ಟರೆ ಎಂದು ಅವಳಿಗೆ ಭಯವಾಗುತ್ತಿತ್ತು.

ಅಭ್ಯಾಸವಾಗಲಿ ಎಂದು ಮಗಳು ಒಂದು ಬೆಳಗ್ಗೆ ಮಗುವನ್ನು ಬಿಟ್ಟು, ಊಟದ ಹೊತ್ತಿಗೆ ಬರುತ್ತೇನೆಂದು ಹೋದಳು. ಮಗು ಎದ್ದು ಅತ್ತಿತು. ಅವಳು ಅಡುಗೆಮನೆಯ ಕಟ್ಟೆಯನ್ನು ಹಿಡಿದುಕೊಂಡು ನಿಂತೇ ಇದ್ದಳು. ಹೋಗು, ಎತ್ತಿಕೋ ಎಂದು ತನಗೆ ತಾನೇ ಹೇಳಿಕೊಂಡು, ತನ್ನನ್ನೇ ರಟ್ಟೆ ಹಿಡಿದು ಎಳೆದುಕೊಂಡು ಹೋದಂತೆ ಹೋಗಿ ಮಗುವನ್ನು ಎತ್ತಿಕೊಂಡಳು. ಕೈ ತನ್ನ ಪಾಡಿಗೆ ತಾನು ತಟ್ಟತೊಡಗಿತು. ಮಗು ಮಲಗಿತು. ಆ ಕೈ ಪಕ್ಕದ ಮನೆಯವರದೋ ಎಂಬಂತೆ ಅವಳು ಅದನ್ನೇ ನೋಡುತ್ತ ಕೂತಳು. ಮಗಳು ಬಂದು, ಏನಿದ್ದರೂ ನಿನ್ನ ಕೈಗುಣವೇ ಕೈಗುಣ ಎಂದು ಹೊಗಳಿದಾಗ ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ನನ್ನ ಕೈಲಿ ಆಗಲ್ಲ ಮಗಳೇ."

ಮಂಡಿಯಾ ಎಂದು ಮಗಳು ಕೇಳಿದಳು. ಮಂಡಿ ಚೆನ್ನಾಗಿಯೇ ಇದೆ ಎಂದು ಹೇಳಿ, ಶಿಶುಮನೆಯ ಆ ಮಧ್ಯಾಹ್ನವನ್ನು ಒಂದೂ ಬಿಡದೆ ಹೇಳಿದಳು. "ಇವಳು ಅತ್ತಾಗ್ಲೂ ಹಾಗೇ ಕೂತ್ಬಿಡ್ತೀನೇನೋ ಅಂತ ಭಯ ಆಗುತ್ತೆ. ಎತ್ತಿಕೊಂಡ್ರೆ ಏನೂ ಅನ್ಸಲ್ಲ ನಂಗೆ. ಏನೇನೂ ಅನ್ಸಲ್ಲ."

ಯಾವ ಅಜ್ಜಿಯ ಬಾಯಿಂದಲೂ ಬರಬಾರದ ಮಾತು ಅದು, ಬಂದುಬಿಟ್ಟಿತು. ಮಗಳ ಮುಖ ಬಿಳಿಚಿಕೊಂಡಿತು. "ಊರ ಮಕ್ಕಳನ್ನೆಲ್ಲ ಸಾಕಿದೆ. ನನ್ನ ಮಗು ಬರೋ ಹೊತ್ತಿಗೆ ಖಾಲಿ ಆಗ್ಬಿಟ್ಯಾ ಅಮ್ಮ?" ಎಂದಳು. ಮಲಗಿದ್ದ ಮಗುವನ್ನು ಹಾಗೇ ಎತ್ತಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಬಡಿಸಿಟ್ಟ ಊಟ ತಟ್ಟೆಯಲ್ಲೇ ಉಳಿಯಿತು.

ಅಲ್ಲಿಂದ ಮಗಳು ಈ ಕಡೆ ತಲೆ ಹಾಕಲಿಲ್ಲ. ತನ್ನ ಮನೆಯ ಹತ್ತಿರವೇ ಯಾರೋ ಒಬ್ಬ ಹೆಂಗಸನ್ನು ಗೊತ್ತುಮಾಡಿ ಕೆಲಸಕ್ಕೆ ಹೋಗತೊಡಗಿದಳು. ಫೋನು ಮಾಡಿದರೂ ಅಪ್ಪನಿಗೆ ಮಾತ್ರ. ದೊಡ್ಡಮ್ಮನಿಗೆ ಅದೂ ಸರಿಯೆನಿಸಿತು. ಎಷ್ಟೋ ಕಾಲದ ಮೇಲೆ ನಿಜ ಹೇಳಿದ್ದಕ್ಕೋ ಏನೋ, ನಿದ್ದೆ ಬರತೊಡಗಿತು. ಬೆಳಗ್ಗೆ ನೀರಿನ ಟ್ಯಾಂಕಿನ ತನಕ ನಡೆದುಹೋಗಿ, ಮಕ್ಕಳ ಸುಳಿವಿಲ್ಲದ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ತಲೆ ಸ್ನಾನ ಮಾಡಿ ಬಿಸಿಲಿನಲ್ಲಿ ಕೂದಲು ಆರಿಸಿಕೊಂಡಳು, ಅದಕ್ಕೂ ಪುರುಸೊತ್ತು ಸಿಕ್ಕಿತು. ಒಂದು ದಿನ ತನ್ನ ಚಹಾ ಲೋಟದ ತಳದಲ್ಲಿ ಬೀಗದ ಕೈ ಉಜ್ಜುವಾಗ ಉದುರಿದ ಲೋಹದ ಪುಡಿ ಕಂಡು ಗಂಡನ ಮೇಲೆ ಹರಿಹಾಯ್ದಳು. ಎಂಥ ಮನುಷ್ಯ, ಕಣ್ಣು ಕಾಣುವುದಿಲ್ಲವಾ, ಇದನ್ನು ಕುಡಿದಿದ್ದರೆ ಏನು ಗತಿ ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದಳು. ಅವನು ಬೆಪ್ಪಾಗಿ ನೋಡಿ, ಆಮೇಲೆ ಕಿವಿಯಿಂದ ಕಿವಿಯವರೆಗೆ ನಕ್ಕ. ಸಂಜೆ ಮಗಳಿಗೆ ಫೋನು ಮಾಡಿ, ನಿಮ್ಮಮ್ಮ ಇವತ್ತು ನನಗೆ ಚೆನ್ನಾಗಿ ಉಗಿದಳು ಎಂದು ಸಿಹಿಸುದ್ದಿಯ ಹಾಗೆ ಹೇಳಿದ. ಅಷ್ಟು ವರ್ಷ ಸಿಟ್ಟನ್ನು ನುಂಗಿ ನುಂಗಿ ಬದುಕಿದವಳಿಗೆ ಮೊದಲು ವಾಪಸ್ಸು ಬಂದದ್ದು ಸಿಟ್ಟೇ.

ಆಮೇಲೆ ಒಂದು ಸಂಜೆ ಮಗಳು ಕೆಲಸದಿಂದ ನೇರವಾಗಿ, ಮಗುವನ್ನು ಕರೆದುಕೊಂಡು ಬಂದಳು. ಕಣ್ಣ ಕೆಳಗೆ ಕಪ್ಪು, ರವಿಕೆಯ ಭುಜದ ಮೇಲೆ ಹಾಲಿನ ಕಲೆ. ಜಗಳಕ್ಕೆ ಬಂದಿದ್ದಾಳೇನೋ ಎಂದು ಅಮ್ಮ ಹೆದರಿದಳು. ಮಗಳು ಮಗುವನ್ನು ಮಂಚದ ಮೇಲೆ ಬಿಟ್ಟು, ಗೋಡೆಗೊರಗಿ ನೆಲದ ಮೇಲೆಯೇ ಕೂತಳು.

"ನಿನ್ನೆ ಇವಳನ್ನ ಮಲಗಿಸ್ತಿದ್ದೆ," ಎಂದಳು. "ಕೈ ತಟ್ತಾ ಇತ್ತು, ನಾನು ಅಲ್ಲಿರಲೇ ಇಲ್ಲ. ಇವಳು ಬೇಗ ಮಲಗಿದ್ರೆ ಸಾಕಪ್ಪ ಅನ್ನಿಸ್ತಿತ್ತು. ಆಗ ಒಂದು ನೆನಪಾಯ್ತು." ಮಂಚದ ಮೇಲಿನ ಮಗುವಿನ ಕಡೆ ನೋಡಿದಳು. "ನಾನು ಚಿಕ್ಕವಳಿದ್ದಾಗ ರಾತ್ರಿ ಮನೇಲಿ ನೀನು ಮಲಗಿಸೋಕೆ ಕೂತ್ರೆ ಬೇಗ ಕಣ್ಣು ಮುಚ್ಚಿಬಿಡ್ತಿದ್ದೆ ನೋಡು. ನಿದ್ದೆ ಬಂದು ಅಲ್ಲ ಅಮ್ಮ. ನಾನು ಮಲಗಿದ್ರೆ ನೀನೂ ಮಲಗ್ತೀಯ ಅಂತ."

ನನ್ನ ಮಗಳಂಥ ಮಗಳಿಲ್ಲ, ತಲೆ ದಿಂಬಿಗೆ ತಾಗಿದರೆ ಸಾಕು ನಿದ್ದೆ ಎಂದು ದೊಡ್ಡಮ್ಮ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ಬೀಗಿದ್ದಳು. ಈಗ "ಆಮೇಲೆ ಏನ್ ಮಾಡ್ತಿದ್ದೆ?" ಎಂದು ಕೇಳಿದಳು.

"ಎಚ್ಚರವಾಗೇ ಇರ್ತಿದ್ದೆ. ನಿನ್ನ ಉಸಿರಾಟ ಕೇಳ್ತಾ."

ಅವಳಿಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅಳುವ ಅಳುವಲ್ಲ, ಮಕ್ಕಳು ಅಳುವಂಥ, ನಾಚಿಕೆಯಿಲ್ಲದ, ಗಂಟಲು ಬಿಚ್ಚಿದ ಅಳು. ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ತನ್ನನ್ನು ಕಾಯುತ್ತ ಮಲಗಿದ್ದ ಆ ಪುಟ್ಟ ಹುಡುಗಿಯ ಪಕ್ಕಕ್ಕೆ ಈಗ ಹೋಗಿ ಮಲಗಲು ಆಗುವುದಿಲ್ಲವಲ್ಲ ಎಂದು ಅತ್ತಳು. ಮಗಳು ಸಮಾಧಾನ ಮಾಡಲು ಹೋಗಲಿಲ್ಲ, ಅವಳೂ ಅಳುತ್ತಿದ್ದಳು. ಇಬ್ಬರನ್ನೂ ನೋಡಿ ಮಂಚದ ಮೇಲಿದ್ದ ಮಗು ತುಟಿ ನಡುಗಿಸಿ ತಾನೂ ರಾಗ ತೆಗೆಯಿತು. ಒಳಗಿನಿಂದ ಓಡಿಬಂದ ಗಂಡ ಯಾರನ್ನು ಮೊದಲು ಎತ್ತಿಕೊಳ್ಳುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟ.