ನಿಂತೇ ಇರಬೇಕಾದ ಗಾಲಿಗಳು

ಬೀದಿಯವರೆಲ್ಲ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಬೀದಿಯ ಹುಡುಗಿಯನ್ನು ಮದುವೆಯಾಗಿ ಅದೇ ಬೀದಿಯಲ್ಲಿ, ಅದೂ ಅವಳ ತಾಯಿಯ ಮನೆಯಲ್ಲೇ ಬೇರು ಬಿಟ್ಟವನನ್ನು ಇನ್ನೇನೆಂದು ಕರೆಯುವುದು? ಇಸ್ತ್ರಿ ಅಂಗಡಿಯವನಿಗೂ ಭಾವ, ಅವನ ಅಪ್ಪನಿಗೂ ಭಾವ. ವಯಸ್ಸಿನಲ್ಲಿ ಎಷ್ಟೋ ಹಿರಿಯರಾದ ಹಲ್ಲಿನ ಡಾಕ್ಟರು ಕೂಡ "ಭಾವಾ, ಬ್ರೇಕು ಕಿರುಗುಡ್ತಿದೆ" ಎಂದೇ ಸೈಕಲ್ ತಂದು ನಿಲ್ಲಿಸುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು ಮನೆ ಅಳಿಯನ ಸುದ್ದಿಯನ್ನೇ ಎತ್ತಿಲ್ಲ. ಹಂಚುವಷ್ಟರಲ್ಲಿ ಕಾಲ ಮುಗಿದುಹೋಗಿತ್ತೋ ಏನೋ.

ಭಾವ ಮಾತ್ರ ಕಾಲವನ್ನೇ ಕಸುಬು ಮಾಡಿಕೊಂಡಿದ್ದ. ಆ ಊರಿನಲ್ಲಿ ಸೈಕಲ್ ಹುಚ್ಚಿನವರಿಗೆ ಎರಡೆರಡು ಜೊತೆ ಗಾಲಿ. ಮಳೆಗಾಲಕ್ಕೆ ಮುಳ್ಳುಮುಳ್ಳಾದ ದಪ್ಪ ಟೈರಿನದು, ಬೇಸಿಗೆಗೆ ನುಣ್ಣಗಿನ ಸಪೂರ ಟೈರಿನದು. ಒಂದು ಜೊತೆ ಸೈಕಲ್ಲಿನಲ್ಲಿರುವಾಗ ಇನ್ನೊಂದು ಜೊತೆ ಎಲ್ಲಿರಬೇಕು? ಮಂಚದ ಕೆಳಗಿಟ್ಟರೆ ಹೆಂಡತಿ ಗುಡಿಸುವಾಗೆಲ್ಲ ಗೊಣಗುತ್ತಾಳೆ, ಬಾಲ್ಕನಿಯಲ್ಲಿಟ್ಟರೆ ಬಿಸಿಲಿಗೆ ರಬ್ಬರು ಬಿರಿಯುತ್ತದೆ. ಹೀಗೆ ಮನೆಯಿಂದ ಹೊರಬಿದ್ದ ಗಾಲಿಗಳೆಲ್ಲ ಭಾವನ ಬಳಿ ಬರುತ್ತಿದ್ದವು. ಗಾಲಿ ಇಟ್ಟುಹೋದ ಗಿರಾಕಿ ಗೂಟಕ್ಕೆ ಕಟ್ಟಿದ ಹಸುವಿದ್ದಂತೆ. ಕಾಲ ಬದಲಾದಾಗ ತಾನಾಗಿ ಬರುತ್ತಾನೆ, ಬಂದವನು ಚೈನು, ಬ್ರೇಕು, ಗಂಟೆ ಎಲ್ಲವನ್ನೂ ಇಲ್ಲೇ ಮಾಡಿಸಿಕೊಂಡು ಹೋಗುತ್ತಾನೆ. ಸರ್ಕಲ್ಲಿನ ದೊಡ್ಡ ಸೈಕಲ್ ಅಂಗಡಿಗೆ ಗಾಜಿನ ಬಾಗಿಲಿತ್ತು, ತಣ್ಣನೆ ಗಾಳಿಯಿತ್ತು, ಆದರೆ ಈ ಗೂಟ ಇರಲಿಲ್ಲ. ಭಾವನ ಅಂಗಡಿಯಲ್ಲಿ ಒಂದು ಸೈಕಲ್ಲು, ಅರ್ಧ ಮನುಷ್ಯ ಹಿಡಿಸುತ್ತಿತ್ತು. ಗೂಟವಿದ್ದದ್ದು ಅಂಗಡಿಯ ಮೇಲೆ, ಅತ್ತೆಯ ಮನೆಯ ಕೋಣೆಯಲ್ಲಿ. ಕೋಣೆ ಹೋದರೆ ಗಾಲಿ ಹೋಯಿತು, ಗಾಲಿ ಹೋದರೆ ಗಿರಾಕಿ.

ಆ ಕೋಣೆಯಲ್ಲಿ ಗಾಲಿಗಳಿಗೆ ನಡೆಯುತ್ತಿದ್ದ ಉಪಚಾರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗೋಡೆಯುದ್ದಕ್ಕೂ ಬಟ್ಟೆ ಸುತ್ತಿದ ಕೊಕ್ಕೆ, ಕೊಕ್ಕೆಗೊಂದು ಗಾಲಿ, ಕಡ್ಡಿಗೆ ಕಟ್ಟಿದ ಚೀಟಿಯಲ್ಲಿ ಒಡೆಯನ ಗುರುತು. ಟೈರಿನಲ್ಲಿ ಅರ್ಧ ಗಾಳಿ. ಬಿಡಿ ಟ್ಯೂಬುಗಳಿಗೆ ಪೌಡರು ಹಚ್ಚಿ ಸಡಿಲವಾಗಿ ಸುತ್ತಿಡುತ್ತಿದ್ದ. ಎಲ್ಲಕ್ಕಿಂತ ದೊಡ್ಡ ನೇಮವೆಂದರೆ, ಗಾಲಿಯನ್ನು ಮಲಗಿಸಬಾರದು. "ಮಲಗಿದ ಗಾಲಿ ಮೇಲೆ ಯಾವನಾದ್ರೂ ಏನಾದ್ರೂ ಇಟ್ಟೇ ಇಡ್ತಾನೆ. ರಿಮ್ಮು ಸೊಟ್ಟಗಾದ್ರೆ ಡೊಂಕು ಹಲ್ಲಿದ್ದ ಹಾಗೆ, ಜನ್ಮಕ್ಕೆ ನೆಟ್ಟಗಾಗಲ್ಲ" ಎಂದು ಹಲ್ಲಿನ ಡಾಕ್ಟರಿಗೇ ಪಾಠ ಹೇಳಿದ್ದ. ಡಾಕ್ಟರು ಹಲ್ಲುಕಿಸಿದು ಒಪ್ಪಿದ್ದರು.

ಈ ಸಂಸಾರದ ನಡುವೆ ಅತ್ತೆ ಒಂದು ದಿನ ಊಟಕ್ಕೆ ಕುಳಿತಾಗ ಬಾಯಿ ತೆರೆದರು.

"ಅಳಿಯಂದ್ರೇ, ನಿಮ್ಮ ಗಾಲಿಗಳಿಗೆ ಬೀದಿ ನೋಡೋ ಆಸೆ ಏನಾದ್ರೂ ಇದೆಯಾ?"

"ಅಯ್ಯೋ ಇಲ್ಲ ಅತ್ತೆ. ಬಿಸಿಲು ತಾಗಬಾರ್ದು ಅಂತ ಕಿಟಕಿ ಮುಚ್ಚೇ ಇಟ್ಟಿರ್ತೀನಿ" ಎಂದು ಭಾವ ಹೆಮ್ಮೆಯಿಂದ ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಕೇಳಿದ್ಯೇನೇ?" ಅತ್ತೆ ಮಗಳ ಕಡೆ ತಿರುಗಿದರು. "ಮನೇಲಿ ಬೀದಿಗಿರೋದು ಅದೊಂದೇ ಕಿಟಕಿ. ಅದೂ ಮುಚ್ಚಿದೆ. ನನ್ನ ಕೋಣೆ ಕಿಟಕೀಲಿ ಪಕ್ಕದ ಮನೆ ನೀರಿನ ಟ್ಯಾಂಕು ಬಿಟ್ರೆ ಬೇರೇನೂ ಕಾಣಲ್ಲ. ಅದನ್ನ ನೋಡಿ ನೋಡಿ ಅದರ ಜೊತೆ ಜಗಳಾನೂ ಆಡಿ ಆಯ್ತು, ರಾಜಿನೂ ಆಯ್ತು. ಭಾನುವಾರದಿಂದ ಮೇಲಿನ ಕೋಣೆ ನನಗೆ."

ಭಾವ ಹೆಂಡತಿಯ ಮುಖ ನೋಡಿದ. ಅವಳು ತಟ್ಟೆ ನೋಡಿದಳು.

"ನಾನು ಮಧ್ಯೆ ಬರಲ್ಲಪ್ಪ. ನನ್ನ ಮುಖದ ಪೌಡರನ್ನೆಲ್ಲ ಟ್ಯೂಬಿಗೆ ಬಳಿದೋರ ಪರ ನಾನ್ಯಾಕೆ ಮಾತಾಡ್ಲಿ?"

ಮನೆ ಅತ್ತೆಯದು, ಕೋಣೆ ಅತ್ತೆಯದು, ಮಗಳೂ ಆ ಹೊತ್ತಿಗೆ ಅತ್ತೆಯವಳೇ. ಭಾವ ಬೀದಿಯೆಲ್ಲ ಸುತ್ತಿದ. ಸಿಕ್ಕಿದ್ದು ಮನೆ ಮುಂದಿನ ಇಳಿಜಾರಿನ ಕೊನೆಯಲ್ಲಿ, ಇಸ್ತ್ರಿ ಅಂಗಡಿಯ ಹಿಂದಿನ ಒಂದು ತಗಡಿನ ಶೆಡ್ಡು. ಗೋಡೆ ಮುಟ್ಟಿದರೆ ಕೈ ಒದ್ದೆ. ಮೂಲೆಯಲ್ಲಿ ಇಲಿಯೊಂದು ಮನೆಯೊಡೆಯನ ಗತ್ತಿನಲ್ಲಿ ಕುಳಿತು ಇವನನ್ನು ಮೇಲಿಂದ ಕೆಳಗೆ ಅಳೆಯಿತು. "ರಿಮ್ಮಿಗೆ ತುಕ್ಕು, ಟೈರಿಗೆ ಇಲಿ. ಮಳೆಗಾಲ ಮುಗಿಯೋದ್ರೊಳಗೆ ಗಿರಾಕಿಗಳೆಲ್ಲ ಸರ್ಕಲ್ಲಿಗೆ" ಎಂದು ಭಾವ ನಿಟ್ಟುಸಿರುಬಿಟ್ಟ. ಆದರೂ ಬೇರೆ ದಾರಿ ಇರಲಿಲ್ಲ.

ಭಾನುವಾರ ಬೆಳಗ್ಗೆ ಅತ್ತೆ ಕುರ್ಚಿ ಹಿಡಿದು ಮೇಲೆ ಹತ್ತಿದರು, ಭಾವ ಗಾಲಿ ಹಿಡಿದು ಕೆಳಗಿಳಿದ. ಹೊರಡುವ ಗಾಲಿಗಳಿಗೆಲ್ಲ ಪಂಪು ಹಿಡಿದು ಗಾಳಿಯನ್ನೂ ತುಂಬಿದ. ಒಡೆಯರು ಶೆಡ್ಡಿಗೆ ಬಂದು ನೋಡಿದರೆ ಅಲ್ಲಿ ಚೆನ್ನಾಗಿ ಕಾಣುವುದು ಟೈರೊಂದೇ, ಅದಾದರೂ ಟಣ್ಣೆನ್ನಲಿ. ಇನ್ನು ಅವನ್ನು ಇಡುವುದು ಹೇಗೆ? ಬೇರೆ ಯಾರೇ ಆಗಿದ್ದರೂ ಒಂದರ ಮೇಲೊಂದು ಪೇರಿಸಿ, ಕೈಗಾಡಿಗೆ ಎಸೆದು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತಿದ್ದರು. ಭಾವನಿಗೆ ನೇಮ ಅಡ್ಡ ಬಂತು. ಇಳಿಜಾರಾದರೇನು, ಗಾಲಿ ಗಾಲಿಯೇ. ಒಂದಕ್ಕೊಂದು ಒರಗಿಸಿ, ಮನೆ ಗೋಡೆಯುದ್ದಕ್ಕೂ ಸಾಲಾಗಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ. ಮುಂದಿನ ಗಾಲಿಗೆ ಒಂದು ಇಟ್ಟಿಗೆ ಅಡ್ಡ ಕೊಟ್ಟ. ನೋಡಲು ಕವಾಯತಿನಂತೆ ಚಂದವಾಗಿತ್ತು. ಕೈಗಾಡಿ ಕೇಳಲು ಇಸ್ತ್ರಿಯವನ ಕಡೆ ಹೊರಟ.

ಆಗ ಬಂದರು ಡಾಕ್ಟರು, ಗಾಲಿಗಳು ಮನೆ ಬಿಡುತ್ತಿವೆಯೆಂಬ ಸುದ್ದಿ ಕೇಳಿ.

"ಓ, ಮುಂದಿರೋದು ನಂದೇ!" ಎಂದು ಬಾಗಿ, ಇಟ್ಟಿಗೆಯನ್ನು ಕಾಲಲ್ಲಿ ಸರಿಸಿ, ತಮ್ಮ ಗಾಲಿಯನ್ನು ಹಗುರವಾಗಿ ಎತ್ತಿಕೊಂಡರು. ಹಲ್ಲು ಕೀಳುವವರ ಕೈ; ಒಂದು ಕಿತ್ತರೆ ಪಕ್ಕದ್ದು ಅಲ್ಲಾಡುತ್ತದೆಂದು ಅವರಿಗಾದರೂ ತಿಳಿದಿರಬೇಕಿತ್ತು.

ಎರಡನೆಯದು ಒಂದು ಕ್ಷಣ ಯೋಚಿಸಿತು, ಹೊರಟಿತು. ಮೂರನೆಯದು ಯೋಚಿಸಲಿಲ್ಲ. ಆಮೇಲೆ ಇಡೀ ಸಾಲು ಶಾಲೆ ಬಿಟ್ಟ ಮಕ್ಕಳಂತೆ ಇಳಿಜಾರಿಗೆ ಬಿತ್ತು. ಹಿಂದಿನ ಗಾಲಿಗಳ ಫ್ರೀವೀಲುಗಳು ಟಿಕಟಿಕಟಿಕ ಎಂದು ತಾಳ ಹಾಕುತ್ತಿದ್ದವು. ಗಾಳಿ ತುಂಬಿದ ಟೈರುಗಳಿಗೆ ಕಲ್ಲು ಸಿಕ್ಕರೆ ನೆಗೆತ, ಗುಂಡಿ ಸಿಕ್ಕರೆ ಕುಣಿತ.

"ಭಾವಾ! ನಾನೇನೂ ಮಾಡ್ಲಿಲ್ಲ, ಬರೀ ಎತ್ತಿದೆ!" ಡಾಕ್ಟರು ತಮ್ಮ ಗಾಲಿಯನ್ನು ಹೆಗಲಿಗೇರಿಸಿಕೊಂಡು ಓಡಿದರು. ಭಾವ ತಿರುಗಿ ನೋಡುವಷ್ಟರಲ್ಲಿ ಎರಡು ಗಾಲಿ ಅವನ ಎಡಬಲಕ್ಕೆ ಹಾದುಹೋದವು. ಒಂದು, ಇಸ್ತ್ರಿಯವನು ಒಣಗಹಾಕಿದ್ದ ಬೆಡ್‌ಶೀಟಿಗೆ ನುಗ್ಗಿ ದಿಂಬಿನ ಕವರು ಹೊದ್ದು ಆಚೆ ಬಂತು. ಇನ್ನೊಂದು ಕ್ಷೌರದಂಗಡಿಯ ಮೆಟ್ಟಿಲು ಹತ್ತಿ ಒಳಹೋಗಿ, ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಸುಸ್ತಾಗಿ ಒರಗಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಪೇಪರಿನವನು, ಪಕ್ಕದಲ್ಲೇ ಸಮಸಮವಾಗಿ ಓಡುತ್ತಿರುವ ಗಾಲಿ ಕಂಡು, ತನ್ನದೇ ಕಳಚಿತೆಂದು ಗಾಬರಿಯಾಗಿ ಇಳಿದು ಎಣಿಸಿಕೊಂಡ. ಎರಡೂ ಇದ್ದವು. ಅವನೂ ಓಡಿದ.

"ಹಿಡೀರಿ!" ಎಂದು ಭಾವ ಕಿರುಚುತ್ತಿದ್ದ. "ಹಿಡಿದೋರು ಮಲಗಿಸ್ಬೇಡ್ರಪ್ಪಾ! ನಿಲ್ಲಿಸೇ ಹಿಡ್ಕೊಳ್ಳಿ!"

"ಪ್ರಾಣ ಹೋಗ್ತಿದ್ರೂ ಇವನ ಮಡಿ ಬಿಡಲ್ವಲ್ಲ!" ಇಸ್ತ್ರಿಯವನು ಒಂದನ್ನು ತಬ್ಬಿಕೊಂಡು ನಕ್ಕ.

ಹಿಡಿದದ್ದು ಕೆಲವು, ಕಣ್ಣು ತಪ್ಪಿಸಿದ್ದು ಹಲವು. ಬೀದಿಗೆ ಅಡ್ಡ ಸಂದಿಗಳೆಷ್ಟೋ, ಗೇಟುಗಳೆಷ್ಟೋ. ಭಾವ ಬೀದಿ ಮಧ್ಯೆ ಬುಗುರಿಯಂತೆ ತಿರುಗುತ್ತಿದ್ದಾಗ ಮೇಲಿಂದ ದನಿ ಬಂತು.

"ಎಡಕ್ಕೆ ಹೋಗಿ! ನಿಮ್ಮ ಎಡಕ್ಕಲ್ಲ ಅಳಿಯಂದ್ರೇ, ನನ್ನ ಎಡಕ್ಕೆ!"

ಅತ್ತೆ ಕಿಟಕಿಯಲ್ಲಿ ಸೊಂಟದವರೆಗೆ ಹೊರಬಂದಿದ್ದರು.

"ನೀಲಿ ಗೇಟಿನ ಹಿಂದೊಂದು! ಟೈಲರ್ ಅಂಗಡಿ ಸಂದೀಲಿ ಎರಡು! ಡಾಕ್ಟ್ರೇ, ಸುಮ್ನೆ ಓಡ್ಬೇಡಿ, ನಿಮ್ಮ ಕಾಲ ಹತ್ರಾನೇ ಚರಂಡೀಲಿದೆ! ಏ ಪೇಪರ್, ಆ ಮೂಟೆ ಹಿಂದೆ ನೋಡು... ಮೂಟೆ ಅಂದೆ, ಆ ದಪ್ಪ ಮನುಷ್ಯನ ಹಿಂದಲ್ಲ!"

ಬೀದಿ ಅತ್ತೆ ಹೇಳಿದಂತೆ ಓಡಿತು. ಕ್ಷೌರದಂಗಡಿಯವನು ಬ್ರಷ್ಷು ಹಿಡಿದೇ ಓಡಿದ, ಅರ್ಧ ಗಡ್ಡದ ಗಿರಾಕಿಯೂ ಹಿಂದೆ ಓಡಿದ. ಅತ್ತೆ ಕೈ ಬೀಸಿದರೆ ಗುಂಪು ಬಲಕ್ಕೆ, ಚಿಟಿಕೆ ಹೊಡೆದರೆ ಎಡಕ್ಕೆ. ಕೊನೆಯ ಗಾಲಿ ಶೆಡ್ಡಿನ ಬಾಗಿಲಿಗೇ ಹೋಗಿ ನಿಂತಿತ್ತು. ಇಲಿ ಅದಾಗಲೇ ಟೈರು ಮೂಸುತ್ತಿತ್ತು.

ಏದುಸಿರು ಬಿಡುತ್ತ, ಕೆಸರು ಮೆತ್ತಿಕೊಂಡು, ಕೈಗೊಂದು ಗಾಲಿ ಹಿಡಿದು ಎಲ್ಲರೂ ಇಳಿಜಾರು ಹತ್ತಿ ಮನೆ ಮುಂದೆ ನಿಂತರು. ಭಾವ ಒಂದೊಂದನ್ನೇ ತಿರುಗಿಸಿ ನೋಡಿದ. ಗೀರು ಬಿದ್ದಿದ್ದವು, ಒಂದೂ ಸೊಟ್ಟಗಾಗಿರಲಿಲ್ಲ. ಆದರೆ ಭಾವನ ಮುಖ ಬಾಡಿತ್ತು. ಇನ್ನು ಇವನ್ನು ಇಲಿಗೆ ಒಪ್ಪಿಸಬೇಕಲ್ಲ.

ಮೇಲೆ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಮಗಳು ಗೋಡೆ ಹಿಡಿದು ಕೂತೇಬಿಟ್ಟಿದ್ದಳು.

"ಏನು ನೋಡ್ತೀರಾ? ತನ್ನಿ ಮೇಲೆ" ಎಂದರು ಅತ್ತೆ.

"ಮೇಲೆ ಎಲ್ಲಿಗೆ ಅತ್ತೆ?"

"ಇನ್ನೆಲ್ಲಿಗೆ, ಗೋಡೆಗೆ! ನಾನು ಕೂರೋದು ಕಿಟಕೀಲಿ, ಗೋಡೆ ಕಟ್ಕೊಂಡು ನಾನೇನು ಮಾಡ್ಲಿ? ಬಿಸಿಲಿಗೊಂದು ಪರದೆ ಹಾಕಿ." ಅತ್ತೆ ಉಸಿರು ತೆಗೆದುಕೊಂಡು ದನಿ ತಗ್ಗಿಸಿದರು. "ಎಷ್ಟು ವರ್ಷ ಆಗಿತ್ತು ಅಳಿಯಂದ್ರೇ, ಇಷ್ಟು ಜನ ನನ್ನ ಮಾತು ಕೇಳಿ! ಆದ್ರೆ ಒಂದು. ಇನ್ಮೇಲೆ ಗಾಲಿ ಬೇಕಾದೋರು ತಾವೇ ಮೇಲೆ ಬಂದು, ಕೂತು, ನನ್ನ ಹತ್ರ ಕೇಳಿ ತಗೊಂಡು ಹೋಗ್ಬೇಕು."

"ಆಗ್ಲಿ ಅತ್ತೆ!" ಭಾವ ಮೆಟ್ಟಿಲನ್ನು ಎರಡೆರಡಾಗಿ ಹಾರಿದ. ವ್ಯಾಪಾರದಲ್ಲಿ ಇಷ್ಟು ಬೇಗ ಒಪ್ಪಿದವನು ಏನೋ ಒಂದನ್ನು ಸರಿಯಾಗಿ ಓದಿಲ್ಲವೆಂದೇ ಅರ್ಥ.

ಕಾಲ ಬದಲಾಯಿತು. ದಪ್ಪ ಟೈರು ಕಳಚಿ ನುಣ್ಣಗಿನದು ಹಾಕಿಸಲು ಗಿರಾಕಿಗಳು ಸಾಲುಗಟ್ಟಿದರು. ಎಲ್ಲರಿಗಿಂತ ಮೊದಲು ಡಾಕ್ಟರು ಮೇಲೆ ಹೋದರು. ಕೆಳಗೆ ಅವರ ಸೈಕಲ್ಲು ಗಾಲಿಯಿಲ್ಲದೆ ತಲೆಕೆಳಗಾಗಿ ನಿಂತಿತ್ತು, ಪಕ್ಕದಲ್ಲಿ ಸ್ಪ್ಯಾನರು ಹಿಡಿದು ಭಾವ ಕಾದ. ಹಿಂದಿನವರು ಗಡಿಯಾರ ನೋಡಿಕೊಂಡರು. ಮೇಲೆ ನಗು ಕೇಳಿಸಿತು, ಲೋಟದ ಸದ್ದು ಕೇಳಿಸಿತು.

"ಅತ್ತೇ!" ಭಾವ ಕುತ್ತಿಗೆ ಎತ್ತಿ ಕೂಗಿದ. "ಗಾಲಿ ಕಳಿಸಿ! ಇಲ್ಲಿ ಜನ ಕಾಯ್ತಿದ್ದಾರೆ!"

ಕಿಟಕಿಯಿಂದ ತಲೆ ಹೊರಬಂತು.

"ಸ್ವಲ್ಪ ತಾಳಿ ಅಳಿಯಂದ್ರೇ! ಡಾಕ್ಟ್ರ ನಾದಿನಿ ಮನೆ ಬಿಟ್ಟು ಹೋಗಿದ್ದು ಯಾಕೆ ಅಂತ ಈಗ ತಾನೇ ಶುರುವಾಗಿದೆ. ಕೇಳ್ಬೇಕು ಅಂದ್ರೆ ಅವರನ್ನೂ ಮೇಲೆ ಕಳಿಸಿ!"

ಭಾವ ತಿರುಗಿ ನೋಡುವಷ್ಟರಲ್ಲಿ ಸಾಲಿನವರೆಲ್ಲ ಮೆಟ್ಟಿಲ ಮೇಲಿದ್ದರು.