ಮೊಹೆಯ್‌ನ ಗಾಲಿಪೆಟ್ಟಿಗೆಗಳು

ಎಡೊ ನಗರದ ಮಹಾ ಬೆಂಕಿಗೆ ಕಾರಣವೇನೆಂದು ಕೇಳಿದರೆ ಜನ ಇಂದಿಗೂ ಉದ್ದ ತೋಳಿನ ಒಂದು ರೇಷ್ಮೆ ಉಡುಪಿನ ಕಥೆ ಹೇಳುತ್ತಾರೆ. ಅದನ್ನು ತೊಟ್ಟ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಸತ್ತರಂತೆ. ಹೊಂಗೊ ಕೇರಿಯ ಗುಡಿಯಲ್ಲಿ ಅದನ್ನು ಸುಡಲು ಹೋದಾಗ ಗಾಳಿ ಎತ್ತಿಕೊಂಡು ಸೂರಿನ ಮೇಲೆ ಹಾಕಿತಂತೆ. ಕಥೆ ಚೆನ್ನಾಗಿದೆ. ಆದರೆ ಆ ಚಳಿಗಾಲದಲ್ಲಿ ಎಂಬತ್ತು ದಿನ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬಾವಿಗಳ ತಳ ಕಾಣುತ್ತಿತ್ತು. ಹುಲ್ಲಿನ ಸೂರು, ಹಲಗೆಯ ಸೂರು ಒಂದರ ಭುಜಕ್ಕೊಂದು ತಾಗಿ ನಿಂತಿದ್ದವು. ವಾಯವ್ಯದಿಂದ ಬೀಸುವ ಗಾಳಿ ನಿಂತವರನ್ನು ಬೀಳಿಸುವಂತಿತ್ತು. ಇಷ್ಟೆಲ್ಲ ಇದ್ದ ಮೇಲೆ ಉಡುಪಿನ ಶಾಪ ಏತಕ್ಕೆ?

ಬೆಂಕಿ ಹರಡಿದ್ದು ಹೀಗೆ. ಅಷ್ಟೊಂದು ಜನ ಸತ್ತದ್ದು ಏಕೆಂಬುದನ್ನು ನಾನು ತಿಳಿದದ್ದು ಮೊಹೆಯ್‌ನಿಂದ.

ಮೊಹೆಯ್ ನಮ್ಮ ಓಣಿಯ ಬಡಗಿ. ಗಾಲಿಪೆಟ್ಟಿಗೆ ಮಾಡುವುದರಲ್ಲಿ ಅವನನ್ನು ಮೀರಿಸುವವರು ಆ ಕೇರಿಯಲ್ಲಿರಲಿಲ್ಲ. ಆಳು ಮಲಗುವಷ್ಟು ಉದ್ದದ ಪೆಟ್ಟಿಗೆ, ಅಡಿಯಲ್ಲಿ ನಾಲ್ಕು ಗಾಲಿ, ಮುಂದೆ ಎಳೆಯಲು ಹಗ್ಗ. ಎಡೊದಲ್ಲಿ ಬೆಂಕಿ ಹೊಸದಲ್ಲ. ಆದ್ದರಿಂದ ಉಳ್ಳವರ ಮನೆಗಳಲ್ಲೆಲ್ಲ ಬಟ್ಟೆಬರೆಯನ್ನು ಇಂಥ ಪೆಟ್ಟಿಗೆಯಲ್ಲೇ ಇಡುತ್ತಿದ್ದರು. “ಬೆಂಕಿ ಬಂದ್ರೆ ನೀವು ಓಡಿ, ನಿಮ್ಮನೆ ನಿಮ್ಮ ಹಿಂದೇನೇ ಓಡಿ ಬರುತ್ತೆ!” ಎಂದು ಹೇಳಿ ಮೊಹೆಯ್ ಮಾರುತ್ತಿದ್ದನು.

ಮೊದಲ ತಿಂಗಳ ಹದಿನೆಂಟನೆಯ ದಿನ ಮಧ್ಯಾಹ್ನ ಹೊಂಗೊದಲ್ಲಿ ಹೊಗೆ ಎದ್ದಿತು. ಸಂಜೆಯೊಳಗೆ ನಮ್ಮ ಕೇರಿಯ ಆಕಾಶ ಕೆಂಪಾಯಿತು. ಮೊಹೆಯ್ ತನ್ನ ಪೆಟ್ಟಿಗೆಗೆ ಉಳಿ, ಬಾಚಿ, ಹಾಸಿಗೆ, ಅಕ್ಕಿಯ ಮಡಕೆ ಎಲ್ಲವನ್ನೂ ತುಂಬಿ, ನಡೆಯಲಾರದ ತಾಯಿಯನ್ನು ಮುಚ್ಚಳದ ಮೇಲೆ ಕೂರಿಸಿದನು. ಅವನು ಎಳೆದನು, ಹೆಂಡತಿ ಒಸೆನ್ ಹಿಂದಿನಿಂದ ತಳ್ಳಿದಳು.

ಕಂದಕ ದಾಟಿ ಊರಿನ ಹೊರಗೆ ಹೋಗುವ ಅಸಾಕುಸಾ ಹೆಬ್ಬಾಗಿಲಿಗೆ ಇನ್ನೂರು ಹೆಜ್ಜೆ ಇರುವಾಗ ದಾರಿ ನಿಂತುಹೋಯಿತು. ಎಲ್ಲಿ ನೋಡಿದರೂ ಗಾಲಿಪೆಟ್ಟಿಗೆಗಳೇ. ಒಂದರ ಅಚ್ಚಿಗೆ ಇನ್ನೊಂದರ ಗಾಲಿ ಸಿಕ್ಕಿಕೊಂಡಿತ್ತು. ಹಿಂದಕ್ಕೆ ಸರಿಯಲು ಜಾಗವಿಲ್ಲ. ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ.

“ಏಯ್, ನಿನ್ನ ಪೆಟ್ಟಿಗೆ ಆ ಕಡೆ ತಿರುಗಿಸಯ್ಯ!”

“ಎಲ್ಲಿಗೆ ತಿರುಗಿಸ್ಲಿ, ನಿನ್ನ ತಲೆ ಮೇಲಕ್ಕಾ?”

ಮುಂದಿನ ಪೆಟ್ಟಿಗೆಯ ಮೂಲೆಯಲ್ಲಿ ಕಾಯಿಸಿ ಒತ್ತಿದ ಮುದ್ರೆ ಮೊಹೆಯ್‌ಗೆ ಕಂಡಿತು. ತನ್ನದೇ. ಎಡಗಡೆಯದೂ ತನ್ನದೇ.

ತಾಯಿ ಹೇಳಿದಳು: “ಇದನ್ನ ಬಿಡೋ ಮೊಹೆಯ್.”

“ಸುಮ್ನಿರಮ್ಮ, ಈಗ ದಾರಿ ಬಿಡುತ್ತೆ.”

“ಏನ್ರೀ, ಕಿಡಿ ಬೀಳ್ತಿದೆ ಕಾಣಲ್ವಾ?” ಎಂದಳು ಒಸೆನ್. “ಉಳಿ ಬಾಚಿ ಇನ್ನೊಂದು ಮಾಡಿಸ್ಕೋಬಹುದು. ಅತ್ತೇನ ಮಾಡಿಸ್ಕೊಳ್ಳೋಕಾಗುತ್ತಾ?”

ಆದರೂ ಅವನು ಹಗ್ಗ ಬಿಡಲಿಲ್ಲ. ತಾಯಿಯ ತೋಳಿಗೆ ಕಿಡಿ ತಾಗಿ ಅವಳು ಚೀರಿದಾಗಲೇ ಎಚ್ಚರವಾದದ್ದು. ಎಳೆಯುವ ಹಗ್ಗವನ್ನೇ ಕತ್ತರಿಸಿ ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡನು. ಮುಚ್ಚಳದಿಂದ ಮುಚ್ಚಳಕ್ಕೆ ದಾಟುತ್ತ ಮೂವರೂ ಪಕ್ಕದ ಸಂದಿಗೆ ಇಳಿದು, ಕಂದಕದ ಕಲ್ಲುಗೋಡೆ ಹಿಡಿದು ನೀರಿಗೆ ಇಳಿದರು. ಹಿಂದೆ ಇದ್ದವರಿಗೆ ಅಷ್ಟು ಸಮಯ ಸಿಕ್ಕಲಿಲ್ಲ. ಮರುದಿನವೂ ಬೆಂಕಿ ಬೇರೆ ಕಡೆ ಎದ್ದು, ಕೋಟೆಯ ಎತ್ತರದ ಗೋಪುರವನ್ನೂ ನುಂಗಿತು.

ಬೂದಿ ಆರುವ ಮುನ್ನವೇ ಗಾಲಿಪೆಟ್ಟಿಗೆಯನ್ನು ನಿಷೇಧಿಸುವರೆಂಬ ಸುದ್ದಿ ಹಬ್ಬಿತು. ಪೆಟ್ಟಿಗೆ ಮಾಡುವ ಬಡಗಿಗಳೆಲ್ಲ ಹಿರಿಯನಾದ ಜಿನ್ನೈಯ ಗುಡಿಸಿಲಿನಲ್ಲಿ ಸೇರಿ, ಪೆಟ್ಟಿಗೆಯಲ್ಲಿ ದೋಷವಿಲ್ಲ, ಎಳೆದವರ ಅವಿವೇಕವೇ ಕಾರಣ ಎಂದು ಅರ್ಜಿ ಬರೆಸಿದರು. ಮೊಹೆಯ್‌ನ ಮುದ್ರೆ ಮೊದಲು ಬಿದ್ದರೆ ಅಧಿಕಾರಿಗಳು ಕೇಳುತ್ತಾರೆಂದು ಎಲ್ಲರ ನಂಬಿಕೆ. ಅವನಿಗೂ ಬೇರೆ ಕಸುಬು ತಿಳಿದಿರಲಿಲ್ಲ. ಆದರೂ ಅವನು ಅರ್ಜಿಯನ್ನು ಹಿಂದಕ್ಕೆ ಸರಿಸಿದನು.

“ಜಿನ್ನೈ ಅಣ್ಣ, ನಾನು ಒತ್ತಲ್ಲ.”

“ಯಾಕಯ್ಯಾ? ಗಾಲಿ ಮುರೀತಾ? ಅಚ್ಚು ಮುರೀತಾ?”

“ಮುರಿದಿದ್ರೆ ಎಷ್ಟೋ ಜನ ಬದುಕ್ತಿದ್ರು. ಗಾಲಿ ಚೆನ್ನಾಗಿ ಉರುಳ್ತು, ಅದಕ್ಕೇ ಯಾರೂ ಬಿಡ್ಲಿಲ್ಲ. ಹೊರಬೇಕಾಗಿದ್ದಿದ್ರೆ ಹತ್ತು ಹೆಜ್ಜೆಗೇ ಎಸೆದು ಓಡ್ತಿದ್ರು. ಅವಿವೇಕ ಅಂತೀರಲ್ಲ, ಅಮ್ಮ ಬಿಡೋ ಅಂದ್ರೂ ಹಗ್ಗ ಹಿಡ್ಕೊಂಡು ನಿಂತಿದ್ದೋನು ನಾನು. ಮಾಡಿದೋನಿಗೇ ಬಿಡೋಕಾಗ್ಲಿಲ್ಲ, ಕೊಂಡೋರಿಗೆ ಆಗುತ್ತಾ?”

“ನಮ್ಮ ಅನ್ನಕ್ಕೆ ಕಲ್ಲು ಹಾಕ್ತಿದೀಯ.”

“ನನ್ನ ಅನ್ನಕ್ಕೂ ಹಾಕ್ಕೊಂಡೆ, ಅಣ್ಣ.”

ವಿಚಾರಣೆಗೆ ಕರೆದಾಗಲೂ ಅವನು ಇದೇ ಮಾತು ಹೇಳಿದನು. ಅರ್ಜಿ ಹಿಂದಕ್ಕೆ ಬಂತು, ನಿಷೇಧವೂ ಬಂತು. ಬಡಗಿಗಳು ಅವನನ್ನು ದೂರವಿಟ್ಟರು. ಎರಡು ವರ್ಷ ಒಸೆನ್ ಹೊಲಿಗೆ ಮಾಡಿ ಮನೆ ನಡೆಸಿದಳು. ಅವನು ಮಡಕೆಗಳಿಗೆ ಮರದ ಮುಚ್ಚಳ ಕೆತ್ತುತ್ತಿದ್ದನು.

ಈಗಿನ ಎಡೊವನ್ನು ನೋಡಿದವರಿಗೆ ಹಳೆಯದು ಊಹೆಗೂ ಬಾರದು. ಬೆಂಕಿ ದಾಟದಂತೆ ಅಗಲವಾದ ಬೀದಿಗಳು ಬಂದವು. ಗುಡಿಗಳು ಊರ ಅಂಚಿಗೆ ಹೋದವು. ಕೋಟೆಯ ಗೋಪುರವನ್ನು ಮತ್ತೆ ಕಟ್ಟಲೇ ಇಲ್ಲ. ದಾಟಲು ದಾರಿಯಿಲ್ಲದೆ ಸುಮಿದಾ ನದಿಯ ದಡದಲ್ಲಿ ಸಾವಿರಾರು ಜನ ಸತ್ತಿದ್ದರಿಂದ ಅಲ್ಲಿ ದೊಡ್ಡ ಸೇತುವೆ ಎದ್ದಿತು. ಅದಕ್ಕೆ ಬಡಗಿಗಳು ಬೇಕಾದಾಗ ಮೊಹೆಯ್ ಮೊದಲು ಹೋಗಿ ನಿಂತನು; ವರ್ಷದೊಳಗೆ ಒಂದು ತಂಡದ ಮೇಸ್ತ್ರಿಯಾದನು.

ಒಂದು ಬೆಳಿಗ್ಗೆ ಜಿನ್ನೈ ಬಾಚಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಬಂದನು. ಬಹಳ ಬಡವಾಗಿದ್ದನು. ಹೊಳೆಯ ಕಡೆ ಮುಖ ಮಾಡಿ ನಿಂತನು.

ಮೊಹೆಯ್ ಸ್ವಲ್ಪ ಸರಿದು, ತನ್ನ ಪಕ್ಕದಲ್ಲಿ ಜಾಗ ಮಾಡಿದನು. “ಆ ತೊಲೆ ಡೊಂಕಿದೆ ಜಿನ್ನೈ ಅಣ್ಣ. ನಿಮ್ಮ ಕೈ ಬೇಕಿತ್ತು.”